ಉಬುಂಟುವಿನಲ್ಲಿ ಡಿ ಡ್ರೈವ್‌ಗೆ ಫೈಲ್ ಸೇವ್ ಆಗದಿದ್ದಾಗ

ಒಂದೇ ಕಂಪ್ಯೂಟರಿನಲ್ಲಿ ವಿಂಡೋಸ್ 11, ಉಬುಂಟು (ಲಿನಕ್ಸ್‌ನ ಒಂದು ಬಗೆ) ಎರಡೂ ಇವೆ. ಉಬುಂಟುವಿನಲ್ಲಿ ಡಿ ಡ್ರೈವ್‌ನ ಫೈಲ್ ತೆರೆಯುತ್ತಿತ್ತು. ಸೇವ್ ಮಾಡಹೋದರೆ ‘ರೀಡ್-ಓನ್ಲಿ’ (ಓದಬಹುದು, ಬರೆಯಲಾಗದು) ಎಂಬ ತಕರಾರು.

ಡಿಸ್ಕ್ ಕೆಟ್ಟಿರಲಿಲ್ಲ. ಕಾರಣ ವಿಂಡೋಸ್‌ನ ಫಾಸ್ಟ್ ಸ್ಟಾರ್ಟಪ್: ಶಟ್‌ಡೌನ್ ಒತ್ತಿದರೂ ಅದು ಕರ್ನೆಲನ್ನು (ವಿಂಡೋಸ್‌ನ ತಿರುಳಿನ ಆ ಹೊತ್ತಿನ ಸ್ಥಿತಿಯನ್ನು) ಡಿಸ್ಕಿಗೆ ಬರೆದಿಟ್ಟು ಅರೆನಿದ್ದೆಗೆ ಜಾರುತ್ತದೆ. ಹಾಗಾಗಿ ಲಿನಕ್ಸ್ ಆ ಡ್ರೈವ್‌ಗೆ ಬರೆಯಲು ಒಪ್ಪುವುದಿಲ್ಲ. ಒಪ್ಪದಿರುವುದೇ ಕ್ಷೇಮ, ಬಲವಂತ ಮಾಡಿದರೆ ಡೇಟಾ ಕೆಡಬಹುದು. ಟಾಸ್ಕ್ ಮ್ಯಾನೇಜರ್‌ನ ಸಿಪಿಯು ಪುಟದಲ್ಲಿ ‘ಅಪ್ ಟೈಮ್’ (ವಿಂಡೋಸ್ ಶುರುವಾಗಿ ಎಷ್ಟು ಹೊತ್ತಾಯಿತೆಂಬ ಲೆಕ್ಕ) ನೋಡಿದರೆ, ಶಟ್‌ಡೌನ್ ಆಗಿ ಬಂದಮೇಲೂ ಅದು ಸೊನ್ನೆಯಿಂದ ಶುರುವಾಗಿರಲಿಲ್ಲ.

ಫಾಸ್ಟ್ ಸ್ಟಾರ್ಟಪ್ ಆಫ್ ಮಾಡಲು ವಿಂಡೋಸ್‌ನಲ್ಲಿ ಕಂಟ್ರೋಲ್ ಪ್ಯಾನೆಲ್, ಪವರ್ ಆಪ್ಷನ್ಸ್, ಅಲ್ಲಿ ‘ಚೂಸ್ ವಾಟ್ ದ ಪವರ್ ಬಟನ್ಸ್ ಡು’. ಫಾಸ್ಟ್ ಸ್ಟಾರ್ಟಪ್‌ನ ಟಿಕ್ ಬಾಕ್ಸ್ ಮಂಕಾಗಿರುತ್ತದೆ. ಮೇಲಿನ ‘ಚೇಂಜ್ ಸೆಟ್ಟಿಂಗ್ಸ್’ ಕೊಂಡಿ ಒತ್ತಿದರೆ ಮಾತ್ರ ಟಿಕ್ ತೆಗೆಯಬಹುದು. ಸೇವ್ ಮಾಡಿ ಶಟ್‌ಡೌನ್ ಮಾಡಿದೆ, ಸರಿಹೋಯಿತು. ಎಸ್‌ಎಸ್‌ಡಿ (ವೇಗದ ಡಿಸ್ಕ್) ಇದ್ದರೆ, ಇದರಿಂದ ಬೂಟ್ ತಡವಾದದ್ದು ಅಷ್ಟಾಗಿ ಗೊತ್ತಾಗದು. ಪೂರ್ತಿ ಶಟ್‌ಡೌನ್ ಒಂದು ಸಲಕ್ಕಷ್ಟೇ ಸಾಕೆಂದರೆ ಶಿಫ್ಟ್ ಒತ್ತಿಹಿಡಿದು ಶಟ್‌ಡೌನ್ ಕ್ಲಿಕ್ ಮಾಡಿ.