ಅಡಾಪ್ಟರ್ ಪ್ರೊಟೀನ್ ಅರ್ಥ ಆಗ್ತಿಲ್ವಾ? ಒಂದು ರಬ್ಬರ್ ಬ್ಯಾಂಡ್ ತಗೊಳ್ಳಿ

ಡೊಂಬಿವ್ಲಿಲಿರೋ ನಮ್ಮಕ್ಕನ ಮಗಳು ಬಯೋಟೆಕ್ ಓದ್ತಾಳೆ, ಮೊನ್ನೆ ಅಡಾಪ್ಟರ್ ಪ್ರೊಟೀನ್ ಬಗ್ಗೆ (ಸೆಲ್ಲೊಳಗೆ ಬೇರೆ ಪ್ರೊಟೀನುಗಳನ್ನ ಒಂದಕ್ಕೊಂದು ಸೇರ್ಸೋ ಪ್ರೊಟೀನ್) ಬರೀ ಬಾಣದ ಗುರುತೇ ತುಂಬಿದ್ದ ಚಿತ್ರ ತೋರ್ಸಿ "ಮಾಮಾ, ಇದನ್ನ ಬಾಯಿಪಾಠ ಮಾಡೋದು ಹೆಂಗೆ" ಅಂದ್ಲು. ಬಾಯಿಪಾಠ ಬೇಡ ಮಾರಾಯ್ತಿ, ಕೈಲಿ ಮಾಡಿ ನೋಡೋಣ ಅಂದೆ. ಒಂದು ಹಾಳೆ, ಅಗಲದ ರಬ್ಬರ್ ಬ್ಯಾಂಡು, ಬಾಲ್ ಪೆನ್ನು, ನಾಲ್ಕು ಪೇಪರ್ ಕ್ಲಿಪ್ಪು ಸಾಕು.

ಮೊದ್ಲು ಹಾಳೆ ಮೇಲೊಂದು ಗೆರೆ ಎಳೀರಿ, ಅದು ಸೆಲ್ಲಿನ ಪೊರೆ. ಅದನ್ನ ತೂರ್ಕೊಂಡು ನಿಂತಿರೋ ಕೊಕ್ಕೆ ಇಂಟೆಗ್ರಿನ್, ಹೊರಗಡೆ ಇರೋ ಕೊಲಾಜೆನ್ನೋ ಫೈಬ್ರೊನೆಕ್ಟಿನ್ನೋ ಅನ್ನೋ ನಾರಿನಂಥ ಪ್ರೊಟೀನ್ ಹಿಡ್ಕೊಳ್ಳುತ್ತೆ, ಲೋಕಲ್ ಟ್ರೇನಲ್ಲಿ ನಾವು ಹ್ಯಾಂಡಲ್ ಹಿಡಿದ ಹಾಗೆ. ಆದ್ರೆ ಅದು ಕಿಣ್ವ ಅಲ್ಲ, ಹಿಡ್ಕೊಂಡಿದೀನಿ ಅನ್ನೋ ಸುದ್ದಿ ಒಳಗೆ ಹೋಗ್ಬೇಕಂದ್ರೆ ಫ್ಯಾಕ್, ಸಾರ್ಕ್ ಅನ್ನೋ ಎರಡು ಕೈನೇಸ್ (ಫಾಸ್ಫೇಟ್ ಅಂಟಿಸೋ ಕಿಣ್ವ) ಅಲ್ಲಿಗೆ ಬಂದು ಸೇರ್ಬೇಕು.

ಈಗ ಬ್ಯಾಂಡು. ಚೆನ್ನಾಗಿ ಎಳೆದು ಹಿಡ್ಕೊಂಡು ಮಧ್ಯದಲ್ಲಿ 15 ಚುಕ್ಕೆ ಇಟ್ಟು ಬಿಟ್ಬಿಡಿ. ಚುಕ್ಕೆಗಳೆಲ್ಲ ಒತ್ತೊತ್ತಾಗಿ ಕೂತ್ವಲ್ಲ? ಇದೇ ನಮ್ಮ ಅಡಾಪ್ಟರ್ ಪ್ರೊಟೀನ್ ಪಿ130ಕ್ಯಾಸ್, ಚಿಕ್ಕದಾಗಿ ಕ್ಯಾಸ್, ಚುಕ್ಕೆಗಳು ಅದರಲ್ಲಿ ಟೈರೋಸಿನ್ ಅನ್ನೋ ಅಮೈನೋ ಆಸಿಡ್ ಇರೋ ಜಾಗಗಳು. ಸೆಲ್ಲು ಜಗ್ಗಿದಾಗ ಇದೂ ಎಳ್ಕೊಳ್ಳುತ್ತೆ, ಮುಚ್ಚಿದ್ದ ಚುಕ್ಕೆಗಳು ತೆರ್ಕೊಳ್ತವೆ, ಆಗ ಸಾರ್ಕ್ ಬಂದು ಒಂದೊಂದಕ್ಕೂ ಫಾಸ್ಫೇಟ್ ಅಂಟಿಸುತ್ತೆ. ಇದು ನನ್ನ ಕಲ್ಪನೆ ಅಲ್ಲ, 2006ರಲ್ಲಿ ವಿಜ್ಞಾನಿಗಳು ಕ್ಯಾಸಿನ ಈ ಚುಕ್ಕೆಗಳಿರೋ ಭಾಗವನ್ನ ಲೇಟೆಕ್ಸ್ ಪೊರೆಗೇ ಅಂಟಿಸಿ ಎಳೆದು ತೋರ್ಸಿದಾರೆ, ಅಂದ್ರೆ ಅವ್ರದ್ದೂ ಒಂಥರಾ ರಬ್ಬರ್ ಬ್ಯಾಂಡ್ ಆಟಾನೇ!

ಫಾಸ್ಫೇಟ್ ಬಿದ್ದ ಚುಕ್ಕೆಗೆ ಕ್ಲಿಪ್ ಹಾಕಿ, ಅದು ಕ್ರಕ್ ಅನ್ನೋ ಇನ್ನೊಂದು ಪ್ರೊಟೀನ್. ಕ್ರಕ್ಕಿಗೆ ಡಾಕ್180 ಅನ್ನೋ ಪ್ರೊಟೀನ್ ಸಿಕ್ಕಿಸಿ, ಅದು ರ‍್ಯಾಕ್ ಅನ್ನೋ ಸ್ವಿಚ್ ಆನ್ ಮಾಡುತ್ತೆ, ಸೆಲ್ಲಿನ ಅಸ್ಥಿಪಂಜರದಂತಿರೋ ಆಕ್ಟಿನ್ ಎಳೆಗಳು ಬೆಳೆದು ಸೆಲ್ಲು ಮುಂದಕ್ಕೆ ಕಾಲು ಚಾಚುತ್ತೆ. ಇಷ್ಟೆಲ್ಲ ಆದ್ರೂ ಕ್ಯಾಸ್ ತಾನಾಗಿ ಯಾವ ರಾಸಾಯನಿಕ ಕ್ರಿಯೆನೂ ಮಾಡ್ಲಿಲ್ಲ ನೋಡಿ, ಮನೇಲಿರೋ ಎಕ್ಸ್‌ಟೆನ್ಶನ್ ಬೋರ್ಡ್ ತರ, ತನ್ನದೇ ಕರೆಂಟಿಲ್ಲ ಆದ್ರೆ ಎಲ್ಲಾ ಪ್ಲಗ್ಗೂ ಅಲ್ಲೇ.

ಕೊನೇಗೆ ಕ್ಯಾಸ್ ಕುಟುಂಬದ ಅಣ್ಣತಮ್ಮಂದಿರು: ಮನುಷ್ಯರಲ್ಲಿ ಒಟ್ಟು ನಾಲ್ಕು, ಪಿ130ಕ್ಯಾಸ್, ನೆಡ್9, ಇಎಫ್‌ಎಸ್, ಕ್ಯಾಸ್4. ಒಂದೇ ಅಚ್ಚು ಅಂತ ಒಬ್ರ ಕೆಲ್ಸ ಇನ್ನೊಬ್ರು ಪೂರ್ತಿ ಮಾಡ್ತಾರೆ ಅಂದ್ಕೋಬೇಡಿ. ಪಿ130ಕ್ಯಾಸ್ ಇಲ್ಲದ ಇಲಿಮರಿ ಹೃದಯ, ರಕ್ತನಾಳ ಸರಿಯಾಗಿ ಬೆಳೀದೆ ಗರ್ಭದಲ್ಲೇ ಸಾಯುತ್ತೆ, ನೆಡ್9 ಇಲ್ಲದ ಇಲಿ ಬದುಕುತ್ತೆ, ಆದ್ರೆ ಅದರ ಲಿಂಫೋಸೈಟ್ (ಸೋಂಕಿನ ಜೊತೆ ಹೋರಾಡೋ ಬಿಳಿ ರಕ್ತಕಣ) ಓಡಾಟದಲ್ಲಿ ಎಡವಟ್ಟು. ಹಾಳೆ ಮೂಲೇಲಿ ಇದೂ ಬರ್ಕೊಳ್ಳಿ: ನೆಡ್9, ಹೆಫ್1, ಕ್ಯಾಸ್‌ಎಲ್ ಮೂರೂ ಒಂದೇ ಪ್ರೊಟೀನಿನ ಹೆಸ್ರು. ನಮ್ಮ ಹುಡುಗಿ ಮೂರಕ್ಕೂ ಬೇರೆ ಬೇರೆ ಡಬ್ಬಿ ಬರ್ದಿದ್ಲು.