ಮಾದರಿ ರೈಲಿನ ಹಳಿಗೆ ಯಾವ ಬಣ್ಣದ ಜಲ್ಲಿ ಹಾಕಬೇಕು?

ಮಾದರಿ ರೈಲು ಕಟ್ಟುವ ಮಕ್ಕಳು ಇಂಜಿನ್ನು, ಬೋಗಿ ಆರಿಸುವಾಗ ತುಂಬಾ ಆಸ್ಥೆ ತೋರಿಸುತ್ತಾರೆ. ಹಳಿ ಕೆಳಗಿನ ಜಲ್ಲಿಗೆ ಮಾತ್ರ ಒಂದೇ ಬೂದು ಬಣ್ಣದ ಪ್ಯಾಕೆಟ್ ಸುರಿದುಬಿಡುತ್ತಾರೆ. ಆಗ ಅಷ್ಟು ಚೆಂದದ ರೈಲು ಸಿಮೆಂಟ್ ನೆಲದ ಮೇಲೆ ನಿಂತ ಹಾಗೆ ಕಾಣುತ್ತದೆ.

ಮೊದಲು ನಿಮ್ಮ ರೈಲು ಯಾವ ಸೀಮೆಯಲ್ಲಿ ಓಡುತ್ತದೆ ಅಂತ ಗಟ್ಟಿ ಮಾಡಿಕೊಳ್ಳಿ. ಜಲ್ಲಿ ಸಾಮಾನ್ಯವಾಗಿ ಹತ್ತಿರದ ಕ್ವಾರಿಯಿಂದಲೇ ಬರುತ್ತದೆ, ಅಲ್ವಾ? ಬೆಂಗಳೂರು, ತುಮಕೂರು ಕಡೆ ಗ್ರಾನೈಟ್ ಜಾತಿಯ ಕಲ್ಲು ಜಾಸ್ತಿ. ದೂರಕ್ಕೆ ತಿಳಿ ಬೂದು, ಹತ್ತಿರ ಹೋದರೆ ಬಿಳಿ, ಕಪ್ಪು, ಅಲ್ಲೊಂದು ಇಲ್ಲೊಂದು ನಸುಗೆಂಪು. ವಿಜಯಪುರದ ಕಡೆ ಬಸಾಲ್ಟ್ ಕಲ್ಲು, ಅದು ಕಡುಬೂದು. ಹೊಸಪೇಟೆ, ಸಂಡೂರಿನ ಅದಿರು ಮಾರ್ಗವಾದರೆ ಮೇಲೆ ಕೆಂಪು ಧೂಳು ಬೇಕೇ ಬೇಕು. ಸಕಲೇಶಪುರದ ಘಾಟಿಯಾದರೆ ಅಂಚಿಗೆ ಸ್ವಲ್ಪ ಪಾಚಿ ಹಸಿರು.

ಒಂದೇ ಮಾರ್ಗದಲ್ಲೂ ಬಣ್ಣ ಒಂದೇ ಇರುವುದಿಲ್ಲ. ಪ್ಲಾಟ್‌ಫಾರಂ ತುದಿಯಲ್ಲಿ ನಿಂತು ನೋಡಿ. ಹಳಿ ಮೇಲೆ ಮಾತ್ರ ಇಳಿಯಬೇಡಿ. ರೈಲು ಬ್ರೇಕ್ ಹಾಕುವ ಕಡೆ ಕಬ್ಬಿಣದ ಧೂಳು ಬಿದ್ದು ಜಲ್ಲಿ ಕಂದಾಗಿರುತ್ತದೆ. ಹೊಸದಾಗಿ ಸುರಿದ ಕಡೆ ಬೆಳ್ಳಗಿರುತ್ತದೆ. ಗೂಡ್ಸ್ ಬಂಡಿ ನಿಲ್ಲಿಸುವ ಪಕ್ಕದ ಹಳಿಯಲ್ಲಿ (ಸೈಡಿಂಗ್) ಮಣ್ಣು, ಹುಲ್ಲು ಸೇರಿಕೊಂಡಿರುತ್ತದೆ. ಉಗಿಬಂಡಿ ಕಾಲದ ಶೆಡ್ ಮಾಡುವುದಾದರೆ ಕಲ್ಲಿದ್ದಲ ಬೂದಿಯ ಕಪ್ಪು ಬರಬೇಕು. ಮಟಮಟ ಮಧ್ಯಾಹ್ನದ ಫೋಟೋ ನಂಬಬೇಡಿ, ಆ ಬಿಸಿಲಿಗೆ ಎಲ್ಲ ಕಲ್ಲೂ ಬಿಳಿಯೇ.

ನಿಜವಾದ ಜಲ್ಲಿ ದೊಡ್ಡದೆಂದರೆ 65 ಮಿ.ಮೀ. ಮಾದರಿ ರೈಲಿನ ಎಚ್‌ಒ ಅಳತೆ 1:87, ಅಂದರೆ ನಿಜವಾದದ್ದರ 87ರಲ್ಲಿ ಒಂದು ಪಾಲು, ಅಲ್ಲಿಗೆ ಒಂದು ಕಲ್ಲು 1 ಮಿ.ಮೀ.ಗಿಂತ ಚಿಕ್ಕದು. ಕ್ರಷರ್ ಪುಡಿ ಸಿಕ್ಕರೆ ತೊಳೆದು, ಚೆನ್ನಾಗಿ ಒಣಗಿಸಿ, ಟೀ ಸೋಸುವ ಜಾಲರಿಯಲ್ಲಿ ಜರಡಿ ಹಿಡಿಯಿರಿ. ಆಮೇಲೆ ಅದರ ಮೇಲೆ ಅಯಸ್ಕಾಂತ ಆಡಿಸುವುದನ್ನು ಮರೆಯಬೇಡಿ. ಕಬ್ಬಿಣದ ಕಣ ಉಳಿದರೆ ಇಂಜಿನ್ನಿನ ಮೋಟಾರಿಗೆ ಹೋಗಿ ಅಂಟಿಕೊಳ್ಳುತ್ತದೆ. ಬೆರೆಸುವಾಗ ಮುಖ್ಯ ಬಣ್ಣ ಹತ್ತು ಚಮಚ ಇದ್ದರೆ ಕಡುಬೂದು ಎರಡು, ಕಂದು ಒಂದು ಹಾಕಿ. ಪೂರ್ತಿ ಏಕವಾಗುವ ತನಕ ಕಲೆಸಬೇಡಿ.

ಅಂಟು ಹಾಕಿದರೆ ಬಣ್ಣ ಗಾಢವಾಗುತ್ತದೆ. ಅದಕ್ಕೇ ಬೇಕಾದ್ದಕ್ಕಿಂತ ಒಂದು ಛಾಯೆ ತಿಳಿಯಾದದ್ದನ್ನೇ ಆರಿಸಿ. ರಟ್ಟಿನ ತುಂಡಿನ ಮೇಲೆ ಸ್ವಲ್ಪ ಹರಡಿ, ಪಾತ್ರೆ ತೊಳೆಯುವ ಸೋಪಿನ ಒಂದು ಹನಿ ಬೆರೆಸಿದ ನೀರು ಚಿಮುಕಿಸಿ. ಒಂದು ಪಾಲು ಫೆವಿಕಾಲ್‌ಗೆ ಮೂರು ಪಾಲು ನೀರು ಸೇರಿಸಿ ಇಂಕ್ ಫಿಲ್ಲರಿನಲ್ಲಿ ಬಿಡಿ. ರಾತ್ರಿಯಿಡೀ ಒಣಗಲಿ. ರೈಲು ಇಡುವ ಕೋಣೆಯ ದೀಪದಲ್ಲೇ ನೋಡಿ. ಹಳದಿ ಬಲ್ಬಿಗೂ ಬಿಳಿ ಎಲ್‌ಇಡಿಗೂ ಬಣ್ಣ ಬೇರೆ ಕಾಣುತ್ತದೆ. ಒಪ್ಪಿಗೆಯಾದರೆ ಹಳಿಗೆ ಹಾಕಿ. ಒಣಗಿದ ಮೇಲೆ ಹಳಿಗಳ ನಡುವೆ ತೆಳು ಕಂದು ಪೋಸ್ಟರ್ ಕಲರ್ ಸವರಿ.

ಪಾಯಿಂಟ್ಸ್, ಅಂದರೆ ಹಳಿ ಕವಲೊಡೆಯುವ ಜೋಡಣೆ, ಇರುವ ಕಡೆ ಕೈ ಬಿಗಿ ಹಿಡಿಯಿರಿ. ಅಲಗು (ಆಚೀಚೆ ಸರಿಯುವ ಹಳಿ ತುಂಡು) ಆಡುವ ಜಾಗದಲ್ಲಿ ಅಂಟು ಹೋದರೆ ಪಾಯಿಂಟ್ ಕಚ್ಚಿಕೊಂಡು ಅಲುಗುವುದೇ ಇಲ್ಲ. ಅಲ್ಲಿ ಜಲ್ಲಿ ಬೇಡ, ತಳಕ್ಕೆ ಅದೇ ಬಣ್ಣ ಬಳಿದರೆ ಸಾಕು.