ಒಂದು ವಿಸಿಲ್‌ಗೆ ನಿಲ್ಲು, ಎರಡಕ್ಕೆ ರೈಟ್

ಆನ್‌ಲೈನ್‌ನಲ್ಲಿ ದೆವ್ವ-ಕೊಲೆಗಾರರ ವಿಡಿಯೊ ಗೇಮ್ ಆಡುವ ನಮ್ಮ ನಾಲ್ಕು ಜನರ ಟೀಮಿನಲ್ಲಿ ಒಬ್ಬ ಮಾತಾಡುವುದಿಲ್ಲ. ನನ್ನ ಚಿಕ್ಕಪ್ಪನ ಮಗ, ದಾವಣಗೆರೆಯಲ್ಲಿರುತ್ತಾನೆ. ಎದುರಿಗೆ ಸಿಕ್ಕರೆ ಅವನ ಬಾಯಿ ಮುಚ್ಚಿಸುವುದು ಕಷ್ಟ. ಆದರೆ ಅವನ ಕಂಪ್ಯೂಟರ್ ಇರುವುದು ಹಾಲ್‌ನಲ್ಲಿ, ರಾತ್ರಿ ಹನ್ನೊಂದರ ಮೇಲೆ ಚಿಕ್ಕಪ್ಪ ಮಲಗುವುದೂ ಅಲ್ಲೇ. ಹಾಗಾಗಿ ಈ ತಮ್ಮ, ಹೆಡ್‌ಫೋನ್ ಹಾಕಿಕೊಂಡು, ಮೈಕ್ ಆಫ್ ಮಾಡಿ ಆಡುತ್ತಾನೆ. ನಾವು ಹೇಳಿದ್ದೆಲ್ಲ ಅವನಿಗೆ ಕೇಳುತ್ತದೆ. ಅವನು ತಿರುಗಿ ಏನೂ ಹೇಳುವ ಹಾಗಿಲ್ಲ. ಟೈಪ್ ಮಾಡಬಹುದಲ್ಲ ಅಂತೀರಿ. ದೆವ್ವ ಬೆನ್ನ ಹಿಂದೆ ಬರುತ್ತಿರುವಾಗ ಓಡುವ ಕೀ ಬಿಟ್ಟು ಟೈಪ್ ಮಾಡಿ ನೋಡಿ, ಗೊತ್ತಾಗುತ್ತದೆ. ಅಲ್ಲದೆ ಅವನ ಕೀಬೋರ್ಡಿನ ಟಕಟಕ ಶಬ್ದಕ್ಕೂ ಚಿಕ್ಕಪ್ಪ ಎದ್ದು ಕೂರುತ್ತಾರೆ.

ಇದು ಶುರುವಾಗಿದ್ದು 2020ರ ಕೊನೆಯಲ್ಲಿ. ಆ ವರ್ಷ ಸೆಪ್ಟೆಂಬರ್‌ನಲ್ಲಿ ಫಾಸ್ಮೊಫೋಬಿಯಾ ಬಂದಿತ್ತು. ನಾಲ್ಕು ಜನ ಒಂದು ಖಾಲಿ ಮನೆಗೆ ಹೋಗಿ, ಅಲ್ಲಿರುವುದು ಯಾವ ಜಾತಿಯ ದೆವ್ವ ಅಂತ ಪತ್ತೆ ಹಚ್ಚುವ ಆಟ. ನಾನು ಬೆಂಗಳೂರಿನ ಪಿಜಿಯಲ್ಲಿ, ಒಬ್ಬ ಗೆಳೆಯ ಹುಬ್ಬಳ್ಳಿಯಲ್ಲಿ, ಇನ್ನೊಬ್ಬ ಪುಣೆಯಲ್ಲಿ, ತಮ್ಮ ದಾವಣಗೆರೆಯಲ್ಲಿ. ತಮ್ಮನಿಗೋಸ್ಕರ ಏನಾದರೂ ಸನ್ನೆ ಬೇಕಾಯಿತು.

ನಾವೆಲ್ಲ ಸರ್ಕಾರಿ ಬಸ್ಸಿನಲ್ಲಿ ಓಡಾಡಿ ಬೆಳೆದವರು. ಕಂಡಕ್ಟರ್ ಒಂದು ವಿಸಿಲ್ ಹೊಡೆದರೆ ನಿಲ್ಲಿಸು, ಎರಡು ಹೊಡೆದರೆ ಹೊರಡು. ಇದನ್ನು ಯಾರೂ ಯಾರಿಗೂ ಕಲಿಸಿದ್ದಲ್ಲ. ಅದನ್ನೇ ಟಾರ್ಚಿಗೆ ತಂದೆವು. ಒಂದು ಸಲ ಆರಿಸಿ ಹಚ್ಚಿದರೆ ನಿಲ್ಲು, ಎರಡು ಸಲವಾದರೆ ರೈಟ್ ರೈಟ್. ಎರಡು ದಿನ ಬಹಳ ಚೆನ್ನಾಗಿ ನಡೆಯಿತು. ನಾವೇ ಜಾಣರು ಅಂದುಕೊಂಡೆವು.

ಮೂರನೇ ದಿನ ಟ್ಯಾಂಗಲ್‌ವುಡ್ ಮನೆ. ಚಿಕ್ಕದು, ಹೊಸಬರೆಲ್ಲ ಮೊದಲು ಹೋಗುವುದು ಅಲ್ಲಿಗೇ. ಕಾರಿಡಾರಿನ ಆ ತುದಿಯಲ್ಲಿ ತಮ್ಮ, ಈ ತುದಿಯಲ್ಲಿ ಥರ್ಮಾಮೀಟರ್ ಹಿಡಿದುಕೊಂಡು ನಾನು. ಅವನ ಟಾರ್ಚ್ ಆರಿತು, ಹತ್ತಿತು. ಮತ್ತೆ ಆರಿತು, ಹತ್ತಿತು. ಎರಡು. ರೈಟ್. ನಾನು ಹೊರಟೆ.

ಹುಬ್ಬಳ್ಳಿಯವನು ಅಡುಗೆಮನೆಯಿಂದ ಕೂಗಿದ: "ಲೇ, ಎಲ್ಲಿ ಹೊಂಟಿ? ಬ್ಯಾಟರಿ ತಾನ ಆಡಾಕತ್ತೈತಿ!"

ಆ ಆಟದಲ್ಲಿ ದೆವ್ವ ಬೇಟೆಗೆ ಇಳಿದರೆ ಮುಂಬಾಗಿಲು ಲಾಕ್ ಆಗುತ್ತದೆ, ದೆವ್ವದ ಹತ್ತಿರ ಇರುವ ಟಾರ್ಚುಗಳೆಲ್ಲ ತಾವಾಗಿಯೇ ಮಿಣಮಿಣ ಅನ್ನುತ್ತವೆ. ತಮ್ಮ ಬಟನ್ ಮುಟ್ಟಿಯೇ ಇರಲಿಲ್ಲ. ಅವನು ಗೋಡೆಗೆ ಅಂಟಿಕೊಂಡು ಉಸಿರು ಬಿಗಿಹಿಡಿದು ನಿಂತಿದ್ದ, ನಾನು ನೇರವಾಗಿ ದೆವ್ವದ ತೋಳಿಗೆ ಹೋದೆ. ಇನ್ನೂ ಒಂದು ವಿಷಯ ಇತ್ತು. ಬೇಟೆಯಾಡುವಾಗ ದೆವ್ವಕ್ಕೆ ನಮ್ಮ ಮೈಕಿನ ಮಾತು ಕೇಳುತ್ತದೆ, ಕೈಯಲ್ಲಿ ಉರಿಯುವ ಟಾರ್ಚ್ ಕೂಡ ಅದನ್ನು ಕರೆಯುತ್ತದೆ. ಅಂದರೆ ಸನ್ನೆ ಅತಿ ಅಗತ್ಯವಾದ ಹೊತ್ತಿಗೇ ನಮ್ಮ ಸನ್ನೆ ಕೆಲಸಕ್ಕೆ ಬಾರದು. ಬರೀ ಬಾರದು ಅಲ್ಲ, ಕೊಲ್ಲುತ್ತದೆ.

ಆವತ್ತು ಟಾರ್ಚ್ ಬಿಟ್ಟೆವು, ಕುಕ್ಕರಗಾಲಲ್ಲಿ ಕೂತು ಏಳುವುದಕ್ಕೆ ಬಂದೆವು. ಕಾರಣ ಸರಳ. ಆಟ ತಾನಾಗಿ ಯಾರನ್ನೂ ಕೂರಿಸುವುದಿಲ್ಲ. ಒಬ್ಬ ಕೂತು ಎದ್ದ ಅಂದರೆ ಅವನೇ ಬಟನ್ ಒತ್ತಿರಬೇಕು. ಆಟವೇ ಮಾಡುವ ಕೆಲಸವನ್ನು ಸನ್ನೆಯಾಗಿ ಇಟ್ಟುಕೊಳ್ಳಬೇಡಿ, ನನ್ನ ಕಡೆಯಿಂದ ಇದೊಂದೇ ಖಡಾಖಂಡಿತ ಸಲಹೆ.

ಸತ್ತ ಮೇಲೂ ಕಥೆ ಮುಗಿಯಲಿಲ್ಲ. ಸತ್ತವರು ಆ ಆಟದಲ್ಲಿ ಮನೆಯೊಳಗೇ ಅಲೆಯಬಹುದು, ಚಿಕ್ಕಪುಟ್ಟ ಸಾಮಾನು ಎತ್ತಿ ಎಸೆಯಬಹುದು. ನಾನು ತಮ್ಮನಿಗೆ 'ಅಲ್ಲಿ ಹೋಗಬೇಡ' ಅನ್ನಲು ಒಂದು ಕಪ್ ಎಸೆದೆ. ಅವನು ಅದು ದೆವ್ವದ ಕೆಲಸ ಅಂತ ಫೋಟೋ ತೆಗೆಯಲು ಅಲ್ಲಿಗೇ ಬಂದ.

ತಲೆ ಆಡಿಸುವ ವಿಷಯಕ್ಕೆ ಬರೋಣ, ಇದು ನಮ್ಮವರಿಗೆ ಮಾತ್ರ ಬರುವ ತಾಪತ್ರಯ. ಮೌಸ್ ಮೇಲೆ ಕೆಳಗೆ ಆಡಿಸಿದರೆ ಗೊಂಬೆಯ ತಲೆಯೂ ಮೇಲೆ ಕೆಳಗೆ ಆಡುತ್ತದೆ, ಅದು 'ಹೂಂ'. ಎಡಕ್ಕೂ ಬಲಕ್ಕೂ ತಿರುಗಿಸಿದರೆ 'ಊಹೂಂ'. ಆದರೆ ನಾವು ದಿನಾ ಆಡಿಸುವ ತಲೆ ಈ ಎರಡೂ ಅಲ್ಲವಲ್ಲ. ಭುಜದ ಕಡೆಗೆ ಒಂಚೂರು ವಾಲಿಸಿ, 'ಆಯ್ತು, ನೋಡೋಣ, ಹಾಗೇ ಆಗಲಿ' ಅನ್ನುವ ಆ ಆಟ ಮೌಸಿಗೆ ಬರುವುದಿಲ್ಲ. ತಮ್ಮ ಅಭ್ಯಾಸಬಲದಿಂದ ಮೌಸ್ ಅಡ್ಡಡ್ಡ ಸಣ್ಣಗೆ ಅಲುಗಿಸುತ್ತಿದ್ದ. ಅವನ ಮಟ್ಟಿಗೆ ಅದು ಒಪ್ಪಿಗೆ. ಪುಣೆಯವನು ನಾಲ್ಕು ಸಲ ಕೇಳಿ, ನಾಲ್ಕು ಸಲವೂ 'ಬೇಡ ಅಂತಿದಾನೆ' ಅಂತ ವರದಿ ಕೊಟ್ಟ.

ಗೆಳೆಯರ ಜೊತೆ ಹೀಗಾದರೆ ಆಮೇಲೆ ಫೋನ್ ಮಾಡಿ ಬೈದುಕೊಳ್ಳಬಹುದು. ಗುರುತಿಲ್ಲದವರ ಜೊತೆ ಆಡುವಾಗ ಆ ಸುಖವೂ ಇಲ್ಲ. ನಾನು ಒಂಟಿಯಾಗಿ ಆಡುವುದು ಡೆಡ್ ಬೈ ಡೇಲೈಟ್. 2016ರ ಆಟ, ಈಗಲೂ ಜನ ಆಡುತ್ತಾರೆ. ನಾಲ್ವರು ಬದುಕಲು ಓಡುವವರು, ಒಬ್ಬ ಕೊಲೆಗಾರ. ಅಂಗಳದಲ್ಲಿ ಏಳು ಜನರೇಟರ್ ಇರುತ್ತವೆ, ಐದನ್ನು ರಿಪೇರಿ ಮಾಡಿದರೆ ಗೇಟಿಗೆ ಕರೆಂಟು. ಆಟದೊಳಗೆ ಮಾತಾಡುವ ಸೌಲಭ್ಯವೇ ಇಲ್ಲ. ಬದುಕುವವರಿಗೆ ಮೊದಲಿನಿಂದ ಇರುವುದು ಎರಡೇ ಸನ್ನೆ: ಬೆರಳು ತೋರಿಸುವುದು ಮತ್ತು ಕೈ ಬೀಸಿ ಕರೆಯುವುದು. ಮೂರನೆಯದು ಕೂತು ಏಳುವುದು, ಅದನ್ನು ಜನರೇ ಸನ್ನೆ ಮಾಡಿಕೊಂಡರು.

ಕೈ ಬೀಸುವುದನ್ನು ಕೆಲವರು 'ಬಾ' ಅಂತ ಮಾಡುತ್ತಾರೆ, ಕೆಲವರು 'ನಮಸ್ಕಾರ' ಅಂತ, ಇನ್ನು ಕೆಲವರು 'ತೊಲಗು' ಅಂತ. ಕೂತು ಏಳುವುದು ಜೊತೆಯವನ ಎದುರು ಮಾಡಿದರೆ ಥ್ಯಾಂಕ್ಸ್, ಗಾಯವಾಗಿದ್ದಾಗ ಮಾಡಿದರೆ 'ಮದ್ದು ಮಾಡು', ಅದನ್ನೇ ಕೊಲೆಗಾರನ ಎದುರು ಮಾಡಿದರೆ ಶುದ್ಧ ಕೊಬ್ಬು. ಬಟನ್ ಒಂದೇ.

ನನಗೆ ಇವತ್ತಿಗೂ ಚುಚ್ಚುವ ಒಂದು ಆಟ ಇದೆ. ಮೂರು ಜನರೇಟರ್ ಮುಗಿದಿದ್ದವು, ನಾಲ್ಕು ಉಳಿದಿದ್ದವು. ಆ ನಾಲ್ಕರಲ್ಲಿ ಮೂರು ಒಂದೇ ಮೂಲೆಯಲ್ಲಿ, ಒಂದರಿಂದ ಒಂದಕ್ಕೆ ಹತ್ತು ಹೆಜ್ಜೆ. ಒಂದು ಮಾತ್ರ ದೂರದ ಗೋಡೆಯ ಹತ್ತಿರ. ನಾನು ಆ ದೂರದ್ದರ ಮೇಲೆ ಕೂತಿದ್ದೆ. ಒಬ್ಬನೇ ಮಾಡಿದರೆ ತೊಂಬತ್ತು ಸೆಕೆಂಡಿನ ಕೆಲಸ, ಮುಕ್ಕಾಲು ಪಾಲು ಆಗಿತ್ತು. ಒಬ್ಬ ಬಂದ. ಎದುರು ನಿಂತು ಎರಡು ಸಲ ಕೂತೆದ್ದ. ಆಮೇಲೆ ಆ ಮೂಲೆಯ ಕಡೆ ಬೆರಳು ತೋರಿಸಿದ.

ನಾನು ಅಂದುಕೊಂಡೆ, ಕೊಲೆಗಾರ ಅಲ್ಲಿದ್ದಾನೆ ಅಂತಿದಾನೆ, ಒಳ್ಳೆಯದೇ ಆಯಿತು, ನಾನು ಇಲ್ಲಿ ಬೇಗ ಮುಗಿಸುತ್ತೇನೆ. ಅವನು ಮತ್ತೆ ತೋರಿಸಿದ. ನಾನು ರಿಪೇರಿ ಬಿಡದೆ ಮುಂದುವರಿಸಿದೆ. ಅವನು ನನ್ನ ಸುತ್ತ ಒಂದು ಸುತ್ತು ಓಡಿದ. ನನಗೆ ನಗು ಬಂತು, ಯಾಕಪ್ಪಾ ಇಷ್ಟು ಗಾಬರಿ ಅಂತ. ಜನರೇಟರ್ ಹತ್ತಿಕೊಂಡಿತು, ದೀಪ ಬೆಳಗಿತು. ಅವನು ಅಲ್ಲೇ ನಿಂತು ನೆಲ ನೋಡಿದ.

ಅವನು ಹೇಳುತ್ತಿದ್ದುದು ಬೇರೆ. ಇದನ್ನು ಮುಗಿಸಬೇಡ, ಇದು ಮುಗಿದರೆ ಉಳಿಯುವ ಮೂರೂ ಅಕ್ಕಪಕ್ಕ, ಮೊದಲು ಆ ಮೂಲೆಯಲ್ಲಿ ಒಂದನ್ನು ಮಾಡೋಣ ಬಾ. ಆಟಗಾರರು ಇದಕ್ಕೆ ತ್ರೀ ಜೆನ್ ಅನ್ನುತ್ತಾರೆ. ಮೂರು ಹತ್ತಿರ ಇದ್ದರೆ ಕೊಲೆಗಾರ ಎಲ್ಲಿಗೂ ಓಡಬೇಕಾಗಿಲ್ಲ. ಕಣದಲ್ಲಿ ಎತ್ತು ಸುತ್ತಿದ ಹಾಗೆ ಅಲ್ಲೇ ಸುತ್ತುತ್ತಾನೆ. ಹಾಗೇ ಸುತ್ತಿದ. ನಾವು ನಾಲ್ವರೂ ಒಬ್ಬೊಬ್ಬರಾಗಿ, ಕೊಲೆಗಾರ ಸಿಕ್ಕವರನ್ನು ನೇತುಹಾಕುವ ಕೊಕ್ಕೆಗೆ ಹೋದೆವು.

ನನ್ನನ್ನು ಕೊಕ್ಕೆಗೆ ಹಾಕಿದ ಮೇಲೆ ಯೋಚಿಸಲು ಬೇಕಾದಷ್ಟು ಸಮಯ ಸಿಕ್ಕಿತು. ಬೆರಳು 'ಎಲ್ಲಿ' ಅಂತ ಹೇಳುತ್ತದೆ, 'ಏನು' ಅಂತ ಹೇಳುವುದಿಲ್ಲ. ಅಲ್ಲಿ ಕೊಲೆಗಾರ ಇದ್ದಾನೋ, ಜನರೇಟರ್ ಇದೆಯೋ, ಬಿದ್ದ ಸಂಗಾತಿ ಇದ್ದಾನೋ, ಎಲ್ಲದಕ್ಕೂ ಅದೇ ಬೆರಳು. ಅವತ್ತಿನಿಂದ ನಾನು ಸುಮ್ನೆ ಬೆರಳು ತೋರಿಸುವುದು ಬಿಟ್ಟೆ. ತೋರಿಸಿ, ಆ ಕಡೆ ಮೂರು ನಾಲ್ಕು ಹೆಜ್ಜೆ ಹೋಗುತ್ತೇನೆ, ತಿರುಗಿ ನೋಡುತ್ತೇನೆ. ಕೊಲೆಗಾರ ಇರುವ ಕಡೆಗೆ ಯಾರೂ ನಡೆದು ಹೋಗುವುದಿಲ್ಲ, ಹಾಗಾಗಿ 'ಇಲ್ಲಿ ಕೆಲಸ ಇದೆ' ಅನ್ನುವುದು ಎದುರಿನವನಿಗೆ ಗೊತ್ತಾಗುತ್ತದೆ. ಅಪಾಯ ಅಂತ ಹೇಳಬೇಕಾದರೆ ತೋರಿಸಿ ಉಲ್ಟಾ ದಿಕ್ಕಿಗೆ ಓಡುತ್ತೇನೆ. ಮದ್ದು ಬೇಕಾದರೆ ಅವನ ಮುಂದೆ ಹೋಗಿ ಬೆನ್ನು ತಿರುಗಿಸಿ ಕೂರುತ್ತೇನೆ, ಡಾಕ್ಟರ ಹತ್ತಿರ ಕೂತ ಹಾಗೆ. ಇದು ಹತ್ತಕ್ಕೆ ಎಂಟು ಸಲ ಕೆಲಸ ಮಾಡುತ್ತದೆ.

ಕೊಕ್ಕೆಯಲ್ಲಿ ನೇತಾಡುವಾಗ ಮಾತ್ರ ನನಗೆ ಇವತ್ತಿಗೂ ದಾರಿ ಸಿಕ್ಕಿಲ್ಲ. ಆಗ ಬೆರಳೂ ಇಲ್ಲ, ಕೂರುವುದೂ ಇಲ್ಲ. ಬಿಡಿಸಿಕೊಳ್ಳಲು ಹೋಗಿ ನಡುವೆ ನಿಲ್ಲಿಸಿದರೆ ಗೊಂಬೆ ತೋಳು ಆಡಿಸುತ್ತದೆ, ಅದೊಂದೇ ಉಪಾಯ. ನಾನು ಆಡಿಸುವುದು 'ಕೊಲೆಗಾರ ಇಲ್ಲೇ ಕಾಯುತ್ತಿದ್ದಾನೆ, ಬರಬೇಡಿ' ಅಂತ. ನೋಡುವವರಲ್ಲಿ ಅರ್ಧ ಜನರಿಗೆ ಅದು 'ಅಯ್ಯೋ ಬೇಗ ಬನ್ನಿ' ಅಂತ ಕಾಣುತ್ತದೆ. ತಪ್ಪು ಅವರದ್ದಲ್ಲ, ಮುಳುಗುವವನು ಕೈ ಆಡಿಸಿದರೆ ಯಾರಾದರೂ ನೀರಿಗೆ ಹಾರುತ್ತಾರೆ ಅಲ್ವಾ. ಕಿಂಡ್ರೆಡ್ ಅನ್ನುವ ಪರ್ಕ್, ಅಂದರೆ ಆಟಕ್ಕೆ ಮೊದಲೇ ಆರಿಸಿಕೊಳ್ಳುವ ವಿಶೇಷ ಶಕ್ತಿ, ಹಾಕಿಕೊಂಡರೆ, ನಾನು ಕೊಕ್ಕೆಯಲ್ಲಿರುವಾಗ ಹತ್ತಿರ ಸುಳಿಯುವ ಕೊಲೆಗಾರನ ನೆರಳು ಎಲ್ಲರಿಗೂ ಕಾಣುತ್ತದೆ. ಈಗ ಒಂಟಿಯಾಗಿ ಆಡುವಾಗ ಅದನ್ನು ಬಿಟ್ಟು ಹೋಗುವುದಿಲ್ಲ. 2023ರಲ್ಲಿ ಆಟದವರೇ ಯಾರು ಏನು ಮಾಡುತ್ತಿದ್ದಾರೆ ಅಂತ ಹೆಸರಿನ ಪಕ್ಕ ಚಿಕ್ಕ ಚಿತ್ರ ಹಾಕಿದರು. ಯಾರು ಜನರೇಟರ್ ಮೇಲಿದ್ದಾರೆ, ಯಾರ ಹಿಂದೆ ಕೊಲೆಗಾರ ಬಿದ್ದಿದ್ದಾನೆ ಅಂತ ಕಾಣುತ್ತದೆ. ನಮ್ಮ ಬೆರಳಿನ ಕೆಲಸ ಅರ್ಧ ಕಡಿಮೆಯಾಯಿತು.

ಇನ್ನು ಸನ್ನೆಯೇ ಅಲ್ಲದ ಸನ್ನೆಗಳು. ಒಂದು ರಾತ್ರಿ ಫಾಸ್ಮೊಫೋಬಿಯಾದಲ್ಲಿ ಬಾಗಿಲ ಬಳಿ ತಮ್ಮ ಬಿಡದೆ ಕೂತು ಏಳುತ್ತಿದ್ದ. ಆರು, ಏಳು, ಎಂಟು ಸಲ. ನಾವು ಮೂವರೂ ಟಾರ್ಚ್ ಆರಿಸಿ ಬಚ್ಚಲುಮನೆಯಲ್ಲಿ ಅಡಗಿ ಎರಡು ನಿಮಿಷ ಉಸಿರಾಡದೆ ಕೂತೆವು. ಮರುದಿನ ಕೇಳಿದರೆ, "ಅಣ್ಣಾ, ಮಂಡಕ್ಕಿ ತಿಂತಿದ್ದೆ, ಬಟ್ಟಲು ಕೀ ಮೇಲೆ ಇತ್ತು" ಅಂದ. ಅಂದಿನಿಂದ ಎರಡಕ್ಕಿಂತ ಜಾಸ್ತಿ ಆದರೆ ಅದನ್ನು ಸನ್ನೆ ಅಂತ ಎಣಿಸುವುದಿಲ್ಲ.

ಲೀಥಲ್ ಕಂಪನಿ 2023ರ ಅಕ್ಟೋಬರ್‌ನಲ್ಲಿ ಬಂದಾಗ ನಮ್ಮ ಪದ್ಧತಿ ಮತ್ತೆ ಬುಡಮೇಲಾಯಿತು. ಅದರಲ್ಲಿ ಪಾಳು ಕಟ್ಟಡಗಳಿಂದ ಗುಜರಿ ಹೊತ್ತು ತಂದು ನಮ್ಮ ಅಂತರಿಕ್ಷ ಹಡಗಿಗೆ ಹಾಕಬೇಕು. ಹೊರಗೆ ಕಣ್ಣಿಲ್ಲದ ನಾಯಿಗಳಿರುತ್ತವೆ. ಅವಕ್ಕೆ ಕಣ್ಣು ಕಾಣದು, ಮೈಕಿನಲ್ಲಿ ಮಾತಾಡಿದರೆ ಕೇಳುತ್ತದೆ. ಸಂಜೆಯಾದ ಮೇಲೆ ನಾವೂ ಬಾಯಿ ಮುಚ್ಚಬೇಕು, ಆಗ ಟೀಮಿನಲ್ಲಿ ಅನುಭವಸ್ಥ ಅಂದರೆ ತಮ್ಮನೇ.

ಆದರೆ ಅದೇ ಆಟದಲ್ಲಿ ಮುಖವಾಡದವನು ಅಂತ ಒಂದು ಪೀಡೆ ಇದೆ. ನಮ್ಮ ಹಾಗೇ ಬಟ್ಟೆ, ನಮ್ಮ ಹಾಗೇ ನಡಿಗೆ, ಹಡಗಿನ ಒಳಗೂ ಬರುತ್ತಾನೆ. ಮಾತಾಡುವುದಿಲ್ಲ ಅನ್ನುವುದೇ ಅವನ ಗುರುತು. ನಮ್ಮ ಹುಡುಗನೂ ಮಾತಾಡುವುದಿಲ್ಲ! ಕತ್ತಲಲ್ಲಿ, ದೂರದಿಂದ, ಮಾತಾಡದೆ ಬರುವ ಒಬ್ಬ ತಮ್ಮನೋ ಪೀಡೆಯೋ ಹೇಗೆ ತಿಳಿಯುವುದು? ಅದಕ್ಕೊಂದು ಉಪಾಯ ಸಿಕ್ಕಿತು. ಒಂದು ಬಟನ್ ಒತ್ತಿದರೆ ಗೊಂಬೆ ಕುಣಿಯುತ್ತದೆ, ಮುಖವಾಡದವನಿಗೆ ಕುಣಿತ ಬರದು. ಹಾಗಾಗಿ ನಿಯಮ ಮಾಡಿದೆವು: ಹಡಗು ಕಂಡ ಕೂಡಲೇ ತಮ್ಮ ಕುಣಿಯಬೇಕು. ಕುಣಿಯದೆ ಬಂದರೆ ಬಾಗಿಲು ಹಾಕುತ್ತೇವೆ.

ಒಂದು ಸಂಜೆ ಅವನು ದಿಬ್ಬದ ಆಚೆಯಿಂದ ಓಡಿ ಬಂದ. ಕುಣಿಯಲಿಲ್ಲ. ಹುಬ್ಬಳ್ಳಿಯವನು ಪಿಸುಗುಟ್ಟಿದ, "ಕುಣಿವಲ್ಲ, ಬಾಗಲಾ ಹಾಕು." ನಾನು ಬಟನ್ ಒತ್ತಿದೆ. ಬಾಗಿಲು ಮುಚ್ಚುವ ಮೊದಲು ಆ ಸಂದಿಯಲ್ಲಿ ಅವನ ಹಿಂದೆ ನಾಯಿ ಕಂಡಿತು. ಕುಣಿಯಬೇಕಾದರೆ ನಿಲ್ಲಬೇಕು, ಓಡುತ್ತಾ ಕುಣಿಯಲು ಆ ಆಟದಲ್ಲಿ ಆಗುವುದಿಲ್ಲ. ನಿಂತು ಕುಣಿದಿದ್ದರೆ ನಾಯಿ ಹಿಡಿಯುತ್ತಿತ್ತು, ಕುಣಿಯದ್ದಕ್ಕೆ ನಾವು ಬಾಗಿಲು ಹಾಕಿದೆವು. ಬಾಗಿಲಿನ ಆಚೆ ಏನಾಯಿತು ಅನ್ನುವುದು ನಮಗೆ ಕೇಳಿಸಿತು. ಅವನು ಎರಡು ದಿನ ಆಟಕ್ಕೆ ಬರಲಿಲ್ಲ. ಮೂರನೇ ದಿನ ಒಂದು ಇಯರ್‌ಫೋನ್ ತಂದ, ಅದಕ್ಕೆ ಮೈಕ್ ಇತ್ತು. ಈಗ ಕಂಬಳಿಯೊಳಗಿಂದ ಪಿಸುಗುಡುತ್ತಾನೆ, ಅದೂ ಜೀವಕ್ಕೆ ಬಂದಾಗ ಮಾತ್ರ.

ಹೋದ ವಾರ ಡೆಡ್ ಬೈ ಡೇಲೈಟ್‌ನಲ್ಲಿ ನಾನೂ ಒಬ್ಬ ಅಪರಿಚಿತನೂ ಗೇಟಿನ ಬಾಯಲ್ಲಿ ಉಳಿದೆವು. ಗೇಟು ತೆರೆದ ಮೇಲೆ ಎರಡು ನಿಮಿಷ ಸಮಯ, ಅಷ್ಟರಲ್ಲಿ ಹೊರಗೆ ಹೋಗದಿದ್ದರೆ ಸಾವು. ಅವನಿಗೆ ಗಾಯವಾಗಿತ್ತು. ನಾನು ಕೂತೆದ್ದು ಗೇಟಿನ ಕಡೆ ಬೆರಳು ತೋರಿಸಿದೆ, ನೀನು ಮೊದಲು ಹೋಗು ಅಂತ. ಅವನೂ ಕೂತೆದ್ದು ಗೇಟಿನ ಕಡೆ ಬೆರಳು ತೋರಿಸಿದ. ನಾನು ಮತ್ತೆ ತೋರಿಸಿದೆ. ಅವನೂ ಮತ್ತೆ ತೋರಿಸಿದ. ಮದುವೆ ಮನೆಯ ಪಂಕ್ತಿಯಲ್ಲಿ 'ನೀವು ಕೂತ್ಕೊಳ್ಳಿ, ನೀವು ಕೂತ್ಕೊಳ್ಳಿ' ಅಂತ ಇಬ್ಬರು ಹಿರಿಯರು ನಿಂತ ಹಾಗೆ ನಿಂತೆವು. ಎದೆಬಡಿತದ ಸದ್ದು ಜೋರಾಗತೊಡಗಿತು, ಕೊಲೆಗಾರ ಬರುತ್ತಿದ್ದ. ನಾನು ಮೂರು ಹೆಜ್ಜೆ ಹೋಗಿ ತಿರುಗಿ ನೋಡಿದೆ. ಅವನು ಹಿಂದೆಯೇ ಬಂದ.

ಆಟ ಮುಗಿದ ಮೇಲೆ ಚಾಟ್‌ನಲ್ಲಿ ಅವನು ಒಂದು ಸಾಲು ಬರೆದಿದ್ದ. ಥಾಯ್ ಇರಬೇಕು, ನನಗೆ ಓದಲು ಬರಲಿಲ್ಲ. ನಾನು ಕನ್ನಡದಲ್ಲಿ 'ಪರವಾಗಿಲ್ಲ ಬಿಡಪ್ಪ' ಅಂತ ಬರೆದೆ.